ಪತಿಯ ಅರ್ಜಿ, ಪತ್ನಿಯ ಗ್ರೀನ್ ಕಾರ್ಡ್: ಓದುಗರ ಪ್ರಶ್ನೆಗಳಿಗೆ ಉತ್ತರ

ಅಮೆರಿಕದಲ್ಲಿ ಪತಿಯ ಉದ್ಯೋಗ ವೀಸಾವನ್ನು ಆಧರಿಸಿದ ಎಚ್-4 ವೀಸಾದ ಮೇಲಿರುವ ಹೆಣ್ಣುಮಕ್ಕಳಿಂದಲೂ ಅಲ್ಲಿರುವ ವರನಿಗೆ ಮಗಳನ್ನು ಕೊಡಲು ಹೊರಟ ತಂದೆ-ತಾಯಂದಿರಿಂದಲೂ ಬಂದ ಪತ್ರಗಳಲ್ಲಿ ಮೂರನ್ನು ಈ ಸಲ ಉತ್ತರಕ್ಕೆ ಆರಿಸಿಕೊಂಡಿದ್ದೇನೆ. ಬರೆದವರ ಹೆಸರು ಮತ್ತು ಗುರುತು ಸಿಗುವಂಥ ವಿವರಗಳನ್ನು ಬಿಟ್ಟಿದ್ದೇನೆ.

ಪ್ರಶ್ನೆ: ನಾನು ಉಡುಪಿ ಕಡೆಯವಳು. 2014ರಲ್ಲಿ ಮದುವೆಯಾಗಿ ಟೆಕ್ಸಾಸ್‌ಗೆ ಬಂದೆ. ಪತಿಯದು ಎಚ್-1ಬಿ ಉದ್ಯೋಗ ವೀಸಾ, ನನ್ನದು ಎಚ್-4. ಇಎಡಿ (ಕೆಲಸದ ಪರವಾನಗಿ) ಪಡೆದು ಕೆಲಸವನ್ನೂ ಮಾಡುತ್ತಿದ್ದೇನೆ. ಪತಿಯ ಕಂಪನಿ 2018ರಲ್ಲಿ ಪರ್ಮ್ (ಕಾರ್ಮಿಕ ಇಲಾಖೆಯ ಒಪ್ಪಿಗೆಯ ಅರ್ಜಿ) ಸಲ್ಲಿಸಿತು, ಉನ್ನತ ಪದವೀಧರ ಕೆಲಸಗಾರರ ಇಬಿ-2 ವರ್ಗದಲ್ಲಿ ಐ-140 (ಕಂಪನಿ ಹಾಕುವ ವಲಸೆ ಅರ್ಜಿ) ಮಂಜೂರಾಗಿದೆ. ಮುಂದೆ ಗ್ರೀನ್ ಕಾರ್ಡ್ ಬರುವಾಗ ನನಗೆ ಬೇರೆ ಅರ್ಜಿ ಇರುತ್ತದೆಯೇ, ಅಥವಾ ಪತಿಯದರಲ್ಲೇ ನನ್ನದೂ ಸೇರುತ್ತದೆಯೇ? ಇನ್ನೊಂದು ಸಣ್ಣ ಸಂಶಯ. ನಾನು ಹುಟ್ಟಿದ್ದು 1988ರಲ್ಲಿ ಕುವೈತಿನಲ್ಲಿ. 1990ರಲ್ಲಿ ಇರಾಕ್ ಅಲ್ಲಿಗೆ ನುಗ್ಗಿದಾಗ ಮನೆಯವರೆಲ್ಲ ಊರಿಗೆ ಮರಳಿದೆವು. ನನ್ನ ಜನನ ಪ್ರಮಾಣಪತ್ರ ಅರಬ್ಬಿಯಲ್ಲಿದೆ. ಅದರಿಂದ ತೊಂದರೆಯಾದೀತೇ?
— ಹೆಸರು ಬೇಡ, ಟೆಕ್ಸಾಸ್

ಉತ್ತರ: ನೀವು ಸಣ್ಣ ಸಂಶಯವೆಂದು ಕೊನೆಗಿಟ್ಟ ಮಾತಿನಿಂದಲೇ ಆರಂಭಿಸುತ್ತೇನೆ, ಏಕೆಂದರೆ ನಿಮ್ಮಿಬ್ಬರ ಕಡತದಲ್ಲಿ ಆ ಅರಬ್ಬಿ ಕಾಗದಕ್ಕಿಂತ ಬೆಲೆಬಾಳುವ ದಾಖಲೆ ಬೇರೆ ಇರಲಾರದು.

ಅಮೆರಿಕದ ವಲಸೆ ಕಾನೂನು ಉದ್ಯೋಗದ ಆಧಾರದ ಮೇಲೆ ವರ್ಷಕ್ಕೆ ಸುಮಾರು 1,40,000 ಗ್ರೀನ್ ಕಾರ್ಡ್‌ಗಳನ್ನು ಕೊಡುತ್ತದೆ. ಕೆಲಸಗಾರರ ಜೊತೆಗೆ ಅವರ ಪತ್ನಿ ಅಥವಾ ಪತಿ ಮತ್ತು ಮಕ್ಕಳೂ ಇದೇ ಲೆಕ್ಕದೊಳಗೆ ಬರುತ್ತಾರೆ. ಒಂದೇ ದೇಶದವರಿಗೆ ಸಾಮಾನ್ಯವಾಗಿ ಶೇ 7ಕ್ಕಿಂತ ಹೆಚ್ಚು ಹೋಗಬಾರದೆಂಬ ಮಿತಿಯೂ ಇದೆ. ಭಾರತದವರ ಸರದಿ ಇಷ್ಟು ಉದ್ದವಾಗಿರುವುದು ಈ ಮಿತಿಯಿಂದಲೇ. ಆದರೆ ಇಲ್ಲಿ 'ದೇಶ' ಎಂದರೆ ಪಾಸ್‌ಪೋರ್ಟ್ ಕೊಟ್ಟ ದೇಶವಲ್ಲ, ಹುಟ್ಟಿದ ದೇಶ. ನೀವು ಭಾರತದ ಪ್ರಜೆ, ಬೆಳೆದದ್ದು ಉಡುಪಿಯಲ್ಲಿ, ಕುವೈತ್ ನಿಮಗೆ ಪೌರತ್ವ ಕೊಟ್ಟಿಲ್ಲ. ಇಷ್ಟಾದರೂ ಗ್ರೀನ್ ಕಾರ್ಡಿನ ಲೆಕ್ಕದಲ್ಲಿ ನೀವು ಕುವೈತಿನವರು. ಅದಕ್ಕಿಂತ ಮುಖ್ಯವಾದುದೆಂದರೆ, ಗಂಡ-ಹೆಂಡತಿ ಬೇರೆ ಬೇರೆ ದೇಶಗಳಲ್ಲಿ ಹುಟ್ಟಿದ್ದರೆ, ಇಬ್ಬರೂ ಒಟ್ಟಿಗೆ ಕಾಯಂ ನಿವಾಸಿಗಳಾಗುವಾಗ ಅನುಕೂಲವಾದ ದೇಶದ ಸರದಿಯನ್ನೇ ಇಬ್ಬರೂ ಬಳಸಿಕೊಳ್ಳಲು ಕಾನೂನು ಅವಕಾಶ ಕೊಟ್ಟಿದೆ. ವಕೀಲರು ಇದನ್ನು ಕ್ರಾಸ್ ಚಾರ್ಜಬಿಲಿಟಿ ಎನ್ನುತ್ತಾರೆ.

ಇದರ ಪರಿಣಾಮವನ್ನು ಅಮೆರಿಕದ ವಿದೇಶಾಂಗ ಇಲಾಖೆ ತಿಂಗಳಿಗೊಮ್ಮೆ ಹೊರಡಿಸುವ ವೀಸಾ ಬುಲೆಟಿನ್‌ನಲ್ಲಿ ನೀವೇ ನೋಡಬಹುದು. 2025ರಲ್ಲಿ ಇಬಿ-2 ಭಾರತದ ಸರದಿ 2012-13ರ ಅರ್ಜಿದಾರರ ಬಳಿಯೇ ತೆವಳುತ್ತಿದ್ದರೆ, ಕುವೈತ್ ಸೇರಿದಂತೆ ಉಳಿದ ಬಹುತೇಕ ದೇಶಗಳ ಸರದಿ 2023ನ್ನು ಮುಟ್ಟಿತ್ತು. ಅಂದರೆ ಭಾರತದ ಸಾಲಿನಲ್ಲಿ ಇನ್ನೂ ಎಷ್ಟೋ ವರ್ಷ ಕಾಯಬೇಕಾದ ನಿಮ್ಮ ಪತಿಯ 2018ರ ಪ್ರಯಾರಿಟಿ ಡೇಟ್ (ಪರ್ಮ್ ಸಲ್ಲಿಸಿದ, ಸರದಿಯನ್ನು ಎಣಿಸುವ ದಿನ), ನಿಮ್ಮ ಜನ್ಮಸ್ಥಳದ ಬಲದಿಂದ ಆಗಲೇ ಸರದಿ ದಾಟಿದೆ. ಕರಾವಳಿಯಿಂದ ಗಲ್ಫಿಗೆ ಹೋಗಿ ಅಲ್ಲೇ ಮಕ್ಕಳನ್ನು ಹೆತ್ತು ಊರಿಗೆ ಮರಳಿದ ಕುಟುಂಬಗಳು ನಮ್ಮಲ್ಲಿ ಎಷ್ಟೋ ಇವೆ. ಆ ಮನೆಗಳ ಹೆಣ್ಣುಮಕ್ಕಳು, ಗಂಡುಮಕ್ಕಳು ಈ ಸಂಗತಿಯನ್ನು ತಿಳಿಯದೆ ಭಾರತದ ಸಾಲಿನಲ್ಲೇ ಕಾಯುತ್ತಿರುವುದನ್ನು ನೆನೆದರೆ ನನಗೆ ಬಹಳ ಬೇಸರವಾಗುತ್ತದೆ. ಇದೇ ಜಾಡಿನಲ್ಲಿ ಹಲವರು ಕೇಳುವ ಇನ್ನೊಂದು ಪ್ರಶ್ನೆಯಿದೆ: ಅಮೆರಿಕದಲ್ಲಿಯೋ ಕೆನಡಾದಲ್ಲಿಯೋ ಹುಟ್ಟಿದ ಮಗುವಿನ ಜನ್ಮದೇಶವನ್ನು ತಂದೆ-ತಾಯಿ ಬಳಸಬಹುದೇ ಎಂದು. ಬಳಸಲಾಗದು. ಈ ಸೌಲಭ್ಯ ಗಂಡ-ಹೆಂಡತಿಯ ನಡುವೆ ಇದೆ, ತಂದೆ-ತಾಯಿಯಿಂದ ಮಕ್ಕಳಿಗೂ ಇದೆ. ಮಕ್ಕಳಿಂದ ತಂದೆ-ತಾಯಿಗೆ ಇಲ್ಲ.

ಹಾಗಾಗಿ ನಿಮ್ಮ ಪತಿ ಕಂಪನಿಯ ವಲಸೆ ವಕೀಲರಿಗೆ ಇಂದೇ ಬರೆಯಲಿ. ಐ-140 ಅರ್ಜಿಯಲ್ಲಿ ಪತ್ನಿಯ ಹೆಸರಿನ ಜೊತೆಗೆ ಆಕೆ ಹುಟ್ಟಿದ ದೇಶವನ್ನೂ ನಮೂದಿಸುವ ಜಾಗವಿದೆ. ಭಾರತದ ಪಾಸ್‌ಪೋರ್ಟ್ ನೋಡಿ ಅಲ್ಲಿ 'ಭಾರತ' ಎಂದು ಬರೆದುಬಿಟ್ಟಿದ್ದಾರೆಯೇ ಎಂಬುದನ್ನು ಪರಿಶೀಲಿಸಿ. ತಪ್ಪಾಗಿದ್ದರೆ ಗಾಬರಿ ಬೇಡ, ಜನನ ಪ್ರಮಾಣಪತ್ರದ ಆಧಾರದಿಂದ ಸರಿಪಡಿಸಬಹುದು. ಪ್ರಮಾಣಪತ್ರ ಅರಬ್ಬಿಯಲ್ಲಿರುವುದು ದೋಷವಲ್ಲ. ಅದರ ಪೂರ್ಣ ಇಂಗ್ಲಿಷ್ ಅನುವಾದವನ್ನೂ, ಅನುವಾದ ಸಂಪೂರ್ಣವಾಗಿದೆ, ನಿಖರವಾಗಿದೆ, ತನಗೆ ಎರಡೂ ಭಾಷೆ ಬರುತ್ತದೆ ಎಂದು ಅನುವಾದಕರು ಸಹಿ ಮಾಡಿಕೊಟ್ಟ ದೃಢೀಕರಣವನ್ನೂ ಜೊತೆಗಿಟ್ಟರೆ ಸಾಕು. ಪಾಸ್‌ಪೋರ್ಟಿನಲ್ಲಿ ಹುಟ್ಟಿದ ಸ್ಥಳ ಕುವೈತ್ ಎಂದೇ ಇದೆಯೇ, ತಂದೆ-ತಾಯಿಯ ಹೆಸರಿನ ಅಕ್ಷರಗಳು ಎರಡೂ ಕಡೆ ಹೊಂದುತ್ತವೆಯೇ ಎಂಬುದನ್ನೂ ನೋಡಿಕೊಳ್ಳಿ.

ಇನ್ನು ನಿಮ್ಮ ಮೊದಲ ಪ್ರಶ್ನೆ. ಪರ್ಮ್ ಮತ್ತು ಐ-140 ಪತಿಯ ಹೆಸರಿನಲ್ಲಿ ಮಾತ್ರ ಇರುತ್ತವೆ. ಅವೆರಡರ ಫಲ ಮದುವೆಯ ಸಂಬಂಧದಿಂದ ನಿಮಗೂ ಸಲ್ಲುತ್ತದೆ. ಆದರೆ ಕೊನೆಯ ಹಂತದ ಐ-485 ಅರ್ಜಿ ನಿಮ್ಮದೇ ಪ್ರತ್ಯೇಕ ಅರ್ಜಿ. ಅದಕ್ಕೆ ಬೇರೆ ಶುಲ್ಕ, ಬೇರೆ ರಸೀದಿ ಸಂಖ್ಯೆ, ಬೇರೆ ಬೆರಳಚ್ಚು, ಐ-693 ಫಾರ್ಮಿನಲ್ಲಿ ಬೇರೆ ವೈದ್ಯಕೀಯ ತಪಾಸಣೆ. ನಿಮ್ಮ ಸಂದರ್ಭದಲ್ಲಿ ಇಬ್ಬರ ಅರ್ಜಿಗಳೂ ಒಟ್ಟಿಗೇ ಹೋಗಬೇಕು, ಕುವೈತಿನ ಸರದಿಯನ್ನು ಅನ್ವಯಿಸಬೇಕೆಂಬ ಕೋರಿಕೆ ಮೇಲುಪತ್ರದಲ್ಲೇ ಎದ್ದುಕಾಣಬೇಕು. ಕಾರ್ಡ್ ಬಂದ ಮೇಲೆ ಅದು ನಿಮ್ಮದೇ. ಅಮೆರಿಕದ ಪ್ರಜೆಯನ್ನು ಮದುವೆಯಾದ ಹೊಸತರಲ್ಲಿ ಸಿಗುವ ಎರಡು ವರ್ಷದ ಷರತ್ತಿನ ಕಾರ್ಡಿನಂತಲ್ಲದೆ, ಹತ್ತು ವರ್ಷದ ಪೂರ್ಣ ಕಾರ್ಡ್. ಐದು ವರ್ಷದ ವಾಸದ ನಂತರ ಪೌರತ್ವಕ್ಕೆ ನೀವು ಪತಿಯನ್ನು ಕಾಯದೆ ಸ್ವತಂತ್ರವಾಗಿ ಅರ್ಜಿ ಹಾಕಬಹುದು.

ಅಲ್ಲಿಯವರೆಗೆ ಎರಡು ವಿಷಯಗಳಲ್ಲಿ ಎಚ್ಚರ ಬೇಕು. ಎಚ್-4 ಇಎಡಿ ಎಂಬುದು 2015ರ ಮೇ 26ರಂದು ಜಾರಿಗೆ ಬಂದ ನಿಯಮದ ಕೊಡುಗೆ. ಅದನ್ನು ನವೀಕರಿಸುವಾಗ ಹಳೆಯ ಕಾರ್ಡಿನ ಅವಧಿ ತಾನಾಗಿ ಮುಂದುವರಿಯುತ್ತಿದ್ದ ಸೌಲಭ್ಯ, 2025ರ ಅಕ್ಟೋಬರ್ 30ರಿಂದ ಸಲ್ಲಿಸಿದ ಅರ್ಜಿಗಳಿಗೆ ಇಲ್ಲ. ಆದ್ದರಿಂದ ಅವಧಿ ಮುಗಿಯುವ 180 ದಿನ ಮುಂಚೆಯೇ ನವೀಕರಣಕ್ಕೆ ಹಾಕಿ, ಇಲ್ಲದಿದ್ದರೆ ಹೊಸ ಕಾರ್ಡ್ ಕೈಸೇರುವವರೆಗೆ ಕೆಲಸ ನಿಲ್ಲಿಸಬೇಕಾಗಬಹುದು. ಎರಡನೆಯದು ಐ-94, ಅಂದರೆ ನೀವು ಯಾವ ದಿನದವರೆಗೆ ಅಮೆರಿಕದಲ್ಲಿರಬಹುದು ಎಂಬುದನ್ನು ತೋರಿಸುವ ದಾಖಲೆ. ಊರಿಗೆ ಹೋಗಿ ಬರುವಾಗ ನಿಮ್ಮ ಪಾಸ್‌ಪೋರ್ಟಿನ ಅವಧಿ ಕಡಿಮೆ ಉಳಿದಿದ್ದರೆ, ವಿಮಾನ ನಿಲ್ದಾಣದ ಅಧಿಕಾರಿ ಆ ದಿನಾಂಕದವರೆಗೆ ಮಾತ್ರ ಐ-94 ಕೊಡಬಹುದು. ವೀಸಾದ ಮೇಲಿನ ದಿನಾಂಕವನ್ನೇ ನಂಬಿಕೊಂಡು ತಿಳಿಯದೆ ಸ್ಟೇಟಸ್, ಅಂದರೆ ಕಾನೂನುಬದ್ಧವಾಗಿ ಉಳಿಯುವ ಹಕ್ಕು, ಕಳೆದುಕೊಳ್ಳುವವರು ಹೀಗೆಯೇ ಸಿಕ್ಕಿಬೀಳುತ್ತಾರೆ. ಪ್ರತಿ ಸಲ ಬಂದಿಳಿದ ವಾರದಲ್ಲೇ ನಿಮ್ಮ ಐ-94 ತೆಗೆದು ನೋಡಿ. ಪತಿಯದನ್ನು ನೋಡಿದರೆ ಸಾಲದು, ಇಬ್ಬರ ದಿನಾಂಕ ಒಂದೇ ಇರಬೇಕೆಂದಿಲ್ಲ.

ಕರ್ನಾಟಕದಲ್ಲೇ ಹುಟ್ಟಿದ ಓದುಗರಿಗೂ ಇಲ್ಲೇ ಒಂದು ಮಾತು. ಹಳ್ಳಿಯಲ್ಲಿ, ಅಜ್ಜಿಮನೆಯಲ್ಲಿ ಹುಟ್ಟಿದ ಅನೇಕರ ಜನನ ನೋಂದಣಿಯೇ ಆಗಿರುವುದಿಲ್ಲ, ಆಗಿದ್ದರೂ ಮಗುವಿನ ಹೆಸರಿನ ಜಾಗ ಖಾಲಿ ಇರುತ್ತದೆ. ಎಸ್‌ಎಸ್‌ಎಲ್‌ಸಿ ಅಂಕಪಟ್ಟಿ ಪೋಷಕ ದಾಖಲೆಯಾಗುತ್ತದೆಯೇ ಹೊರತು ಜನನ ಪ್ರಮಾಣಪತ್ರಕ್ಕೆ ಬದಲಿಯಾಗುವುದಿಲ್ಲ. ದಾಖಲೆ ಸಿಗದಿದ್ದರೆ ಲಭ್ಯವಿಲ್ಲವೆಂಬ ಪ್ರಮಾಣಪತ್ರವನ್ನು ನೋಂದಣಾಧಿಕಾರಿಗಳಿಂದ ಪಡೆದು, ಹುಟ್ಟನ್ನು ಬಲ್ಲ ಹಿರಿಯರ ಪ್ರಮಾಣಿತ ಹೇಳಿಕೆಗಳನ್ನು ಜೊತೆಗಿಡಬೇಕಾಗುತ್ತದೆ. ಆ ಹಿರಿಯರು ಇರುವಾಗಲೇ ಈ ಕೆಲಸ ಮುಗಿಸಿಕೊಳ್ಳಿ.

ಪ್ರಶ್ನೆ: ಮಾನ್ಯರೇ, ನನ್ನ ಮಗಳ ಮದುವೆ ಅಮೆರಿಕದಲ್ಲಿರುವ ಹುಡುಗನೊಂದಿಗೆ ನಿಶ್ಚಯವಾಗಿದೆ. ಆತನ ಐ-485 ಅರ್ಜಿ ಪರಿಶೀಲನೆಯಲ್ಲಿದೆ. ಗ್ರೀನ್ ಕಾರ್ಡ್ ಕೈಗೆ ಬಂದ ಮೇಲೆ ನೆಮ್ಮದಿಯಾಗಿ ಮದುವೆ ಮಾಡೋಣ ಎಂದು ಬೀಗರು ಹೇಳುತ್ತಾರೆ. ಇದು ಸರಿಯೇ?
— ಒಬ್ಬ ತಂದೆ, ದಾವಣಗೆರೆ

ಉತ್ತರ: ಬೀಗರ ಮಾತು ಸದುದ್ದೇಶದ್ದೇ ಇರಬಹುದು, ಆದರೆ ನಿಮ್ಮ ಮಗಳ ದೃಷ್ಟಿಯಿಂದ ಅದು ತಿರುಗುಮುರುಗಾದ ಲೆಕ್ಕ. ವರನ ಗ್ರೀನ್ ಕಾರ್ಡ್ ಮಂಜೂರಾದ ದಿನಕ್ಕಿಂತ ಮೊದಲು ಮದುವೆ ಕಾನೂನುಬದ್ಧವಾಗಿ ನಡೆದಿದ್ದರೆ ಮಾತ್ರ, ಆಕೆ ಆತನ ಅರ್ಜಿಯ ಫಲಕ್ಕೆ ಅದೇ ಪ್ರಯಾರಿಟಿ ಡೇಟ್‌ನೊಂದಿಗೆ ಹಕ್ಕುದಾರಳಾಗುತ್ತಾಳೆ. ಆಗ ಆಕೆ ಜೊತೆಯಲ್ಲೇ ಹೋಗಲಾಗದಿದ್ದರೂ, ಸರದಿ ತೆರೆದಿರುವಾಗ ಮುಂಬೈ ಕಾನ್ಸುಲೇಟಿನಲ್ಲಿ ಸಂದರ್ಶನ ಮುಗಿಸಿ ಹಿಂಬಾಲಿಸಿ ಸೇರಿಕೊಳ್ಳಬಹುದು. ಮಂಜೂರಾತಿ ಒಂದೇ ದಿನ ಮುಂಚೆ ಬಂದು ಮದುವೆ ಮರುದಿನ ನಡೆದರೂ ಈ ದಾರಿ ಮುಚ್ಚಿಹೋಗುತ್ತದೆ. ಆಗ ಗ್ರೀನ್ ಕಾರ್ಡ್‌ದಾರನ ಪತ್ನಿಯಾಗಿ ಎಫ್2ಎ ವರ್ಗದಲ್ಲಿ ಹೊಸ ಅರ್ಜಿ ಹಾಕಿ ಹೊಸದಾಗಿ ಸರದಿ ಕಾಯಬೇಕು, ಇಲ್ಲವೇ ಆತ ಪ್ರಜೆಯಾಗುವವರೆಗೆ ತಡೆಯಬೇಕು. ಎಚ್-4 ಮೇಲೆ ಕರೆಸಿಕೊಳ್ಳುವುದೂ ಆಗುವುದಿಲ್ಲ, ಏಕೆಂದರೆ ಗ್ರೀನ್ ಕಾರ್ಡ್ ಬಂದ ಕೂಡಲೇ ಆತನ ಎಚ್-1ಬಿ ಸ್ಟೇಟಸ್ ಇರುವುದಿಲ್ಲ, ಅದನ್ನು ಆಧರಿಸಿದ ಎಚ್-4 ಕೂಡ ಇರುವುದಿಲ್ಲ.

ಆದ್ದರಿಂದ ಮುಹೂರ್ತವನ್ನು ಸಾಧ್ಯವಾದಷ್ಟು ಬೇಗ ಇಟ್ಟುಕೊಳ್ಳಿ. ಕಲ್ಯಾಣ ಮಂಟಪದ ಫೋಟೊ, ಲಗ್ನಪತ್ರಿಕೆ ಸಾಲುವುದಿಲ್ಲ. ಉಪನೋಂದಣಾಧಿಕಾರಿಗಳ ಕಚೇರಿಯಲ್ಲಿ ನೋಂದಣಿ ಮಾಡಿಸಿ, ಪ್ರಮಾಣಪತ್ರದಲ್ಲಿ ಮದುವೆ ನಡೆದ ದಿನಾಂಕ ಸ್ಪಷ್ಟವಾಗಿ ಬರುವಂತೆ ನೋಡಿಕೊಳ್ಳಿ. ಶಾಸ್ತ್ರೋಕ್ತ ಮದುವೆಗೆ ಕಾಯಬೇಕಾಗಿದ್ದರೆ ವಿಶೇಷ ವಿವಾಹ ಕಾಯ್ದೆಯಡಿ ಮೊದಲು ವಿವಾಹವಾಗುವ ದಾರಿಯೂ ಇದೆ, ಆದರೆ ಅದಕ್ಕೆ 30 ದಿನಗಳ ನೋಟಿಸ್ ಬೇಕು. ಮಗಳ ಪಾಸ್‌ಪೋರ್ಟಿನಲ್ಲಿ ಸರ್‌ನೇಮ್ ಜಾಗ ಖಾಲಿ ಬಿಟ್ಟಿದ್ದರೆ ಈಗಲೇ ಸರಿಪಡಿಸಿ. ನಮ್ಮ ಕಡೆಯ ಇನಿಷಿಯಲ್ ಪದ್ಧತಿಯಿಂದ ಹೀಗಾದಾಗ ಅಮೆರಿಕದ ದಾಖಲೆಗಳಲ್ಲಿ ಆಕೆಯ ಹೆಸರೆಲ್ಲ ಸರ್‌ನೇಮ್ ಜಾಗಕ್ಕೆ ಹೋಗಿ, ಮೊದಲ ಹೆಸರಿನ ಜಾಗದಲ್ಲಿ 'ಎಫ್‌ಎನ್‌ಯು', ಅಂದರೆ ಮೊದಲ ಹೆಸರು ಗೊತ್ತಿಲ್ಲ, ಎಂದು ಬರುತ್ತದೆ.

ಪ್ರಶ್ನೆ: ಪತಿ ಎಚ್-1ಬಿ ಮೇಲಿದ್ದಾರೆ, ನಮ್ಮಿಬ್ಬರ ಐ-485 ಸಲ್ಲಿಸಿ ಒಂದು ವರ್ಷವಾಯಿತು. ಅವರು ಕೈಮಾಡುತ್ತಾರೆ. ಬಿಟ್ಟುಹೋದರೆ ನಿನಗೆ ಗ್ರೀನ್ ಕಾರ್ಡ್ ಸಿಗದು, ಊರಿಗೆ ಕಳಿಸಿಬಿಡುತ್ತೇನೆ ಎನ್ನುತ್ತಾರೆ. ಕಾಗದಪತ್ರ ಯಾವುದೂ ನನ್ನ ಬಳಿ ಇಲ್ಲ. ಕಾರ್ಡ್ ಬರುವವರೆಗೆ ಸಹಿಸಿಕೊಳ್ಳಬೇಕೇ?
— ಹೆಸರು, ಊರು ಬೇಡ

ಉತ್ತರ: ಸಹಿಸಿಕೊಳ್ಳಬೇಕಾಗಿಲ್ಲ. ಜೀವಕ್ಕೆ ಅಪಾಯವೆನಿಸಿದ ಕ್ಷಣ 911ಕ್ಕೆ ಕರೆ ಮಾಡಿ. ಪೊಲೀಸರ ರಕ್ಷಣೆ ಪಡೆಯಲು ವೀಸಾ ಯಾವುದೆಂಬುದು ಅಡ್ಡಿಯಲ್ಲ. ಇದನ್ನು ಮೊದಲು ಹೇಳಿ ಕಾನೂನಿನ ವಿಷಯಕ್ಕೆ ಬರುತ್ತೇನೆ.

ನಿಮ್ಮ ಪತಿ ಹೇಳುತ್ತಿರುವುದರಲ್ಲಿ ಅರ್ಧ ನಿಜವಿದೆ, ಅರ್ಧ ಬೆದರಿಕೆಯಿದೆ. ನಿಮ್ಮ ಐ-485 ಮಂಜೂರಾಗುವ ಮೊದಲು ವಿಚ್ಛೇದನದ ಆದೇಶವಾದರೆ, ಅವರ ಅರ್ಜಿಯ ಆಧಾರದ ಮೇಲೆ ನಿಮಗಿದ್ದ ಹಕ್ಕು ಕೊನೆಯಾಗುತ್ತದೆ ಎಂಬುದು ನಿಜ. ಆದರೆ ಬೇರೆ ಮನೆಯಲ್ಲಿದ್ದ ಮಾತ್ರಕ್ಕೆ ಮದುವೆ ಕಾನೂನಿನಲ್ಲಿ ಮುಗಿಯುವುದಿಲ್ಲ. ನಿಮ್ಮನ್ನು 'ಕಳಿಸಿಬಿಡುವ' ಅಧಿಕಾರ ಪತಿಗೆ ಇಲ್ಲವೇ ಇಲ್ಲ. ಅದು ಸರ್ಕಾರದ ಮತ್ತು ನ್ಯಾಯಾಲಯದ ವಿಷಯ. ಕಾರ್ಡ್ ಮಂಜೂರಾದ ನಂತರ ವಿಚ್ಛೇದನವಾದರೆ ಆ ಕಾರಣಕ್ಕೆ ಅದನ್ನು ಕಿತ್ತುಕೊಳ್ಳುವುದಿಲ್ಲ.

ಹಿಂಸೆಗೆ ಒಳಗಾದ ಎಚ್-4 ಪತ್ನಿಯರು ಪತಿಯ ಸಹಿಯಿಲ್ಲದೆ ಕೆಲಸದ ಪರವಾನಗಿ ಪಡೆಯಲು ಐ-765ವಿ ಎಂಬ ಪ್ರತ್ಯೇಕ ಫಾರ್ಮ್ ಇದೆ. ಸ್ವಂತ ದುಡಿಮೆಯಿಲ್ಲದೆ ಮನೆ ಬಿಡುವುದು ಹೇಗೆಂದು ಕುಳಿತ ಹೆಣ್ಣುಮಕ್ಕಳಲ್ಲಿ ಹಲವರಿಗೆ ಇದು ಇರುವುದೇ ಗೊತ್ತಿಲ್ಲ. ನೀವು ಅಪರಾಧದ ಬಗ್ಗೆ ಪೊಲೀಸರಿಗೆ ತಿಳಿಸಿ ತನಿಖೆಗೆ ನೆರವಾದರೆ, ಅಪರಾಧಕ್ಕೆ ಬಲಿಯಾದವರಿಗೆಂದೇ ಇರುವ ಯು ವೀಸಾಕ್ಕೆ ಅರ್ಜಿ ಹಾಕಬಹುದು. ವರ್ಷಕ್ಕೆ 10,000 ಮಿತಿ ಇರುವುದರಿಂದ ಅದು ದೀರ್ಘ ದಾರಿ, ಆದರೂ ಆ ಸ್ಟೇಟಸ್‌ನಲ್ಲಿ ಮೂರು ವರ್ಷ ಕಳೆದವರು ಪತಿಯ ಹಂಗಿಲ್ಲದೆ ಗ್ರೀನ್ ಕಾರ್ಡ್ ಕೇಳಬಹುದು. ನಿಮ್ಮ ಪತಿ ಗ್ರೀನ್ ಕಾರ್ಡ್ ಪಡೆದುಬಿಟ್ಟರೆ, ಹಿಂಸೆಗೊಳಗಾದ ಪತ್ನಿಯಾಗಿ ಗ್ರೀನ್ ಕಾರ್ಡಿಗಾಗಿ ನೀವೇ ಸ್ವಂತವಾಗಿ ಐ-360 ಅರ್ಜಿ ಸಲ್ಲಿಸುವ ಬಾಗಿಲೂ ತೆರೆದುಕೊಳ್ಳುತ್ತದೆ. ಆತ ಎಚ್-1ಬಿ ಮೇಲಿರುವವರೆಗೆ ಅದು ಸಿಗದು. ಹೀಗೆ ಕೊಟ್ಟ ಅರ್ಜಿಗಳ ಮಾಹಿತಿಯನ್ನು ಅಧಿಕಾರಿಗಳು ಹಿಂಸಿಸಿದವನಿಗೆ ಹೇಳುವಂತಿಲ್ಲವೆಂದು ಕಾನೂನೇ ನಿರ್ಬಂಧಿಸಿದೆ.

ವಿಚ್ಛೇದನದ ಅರ್ಜಿಗೆ ಸಹಿ ಹಾಕುವ ಮೊದಲು ವಲಸೆ ವಕೀಲರೊಬ್ಬರನ್ನು ಕಾಣಿರಿ, ಆದರೆ ಪತಿಯ ಕಂಪನಿಯ ವಕೀಲರನ್ನಲ್ಲ. ಯಾವ ಆದೇಶ ಯಾವ ದಿನ ಆಗುತ್ತದೆ ಎಂಬುದರ ಮೇಲೆ ನಿಮ್ಮ ಹಕ್ಕು ನಿಂತಿದೆ. ನ್ಯಾಷನಲ್ ಡೊಮೆಸ್ಟಿಕ್ ವಯಲೆನ್ಸ್ ಹಾಟ್‌ಲೈನ್‌ನ 1-800-799-7233 ಸಂಖ್ಯೆಗೆ ಹಗಲಿರುಳು ಯಾವಾಗ ಕರೆ ಮಾಡಿದರೂ ಸಮೀಪದ ಆಶ್ರಯ ಮತ್ತು ಉಚಿತ ಕಾನೂನು ನೆರವಿನ ವಿವರ ಕೊಡುತ್ತಾರೆ. ಪತಿ ನೋಡದ ಫೋನಿನಿಂದ ಮಾಡಿ. ಕಾಗದಗಳು ಕೈಯಲ್ಲಿಲ್ಲವೆಂದು ತಡೆಯಬೇಡಿ. ನಿಮ್ಮ ಐ-485 ನಿಮ್ಮದೇ ಅರ್ಜಿಯಾದ್ದರಿಂದ ನಿಮ್ಮ ಕಡತದ ಪ್ರತಿಯನ್ನು ಮಾಹಿತಿ ಸ್ವಾತಂತ್ರ್ಯ ಕಾಯ್ದೆಯಡಿ ಅಮೆರಿಕದ ವಲಸೆ ಸೇವಾ ಇಲಾಖೆಯಾದ ಯುಎಸ್‌ಸಿಐಎಸ್‌ನಿಂದ ನೀವೇ ತರಿಸಿಕೊಳ್ಳಬಹುದು. ಮನೆ ಬಿಟ್ಟರೆ ಹತ್ತು ದಿನದೊಳಗೆ ಹೊಸ ವಿಳಾಸವನ್ನು ಅವರಿಗೆ ತಿಳಿಸಿ. ಬೆರಳಚ್ಚಿನ ಕರೆಯಾಗಲಿ ಸಂದರ್ಶನದ ಪತ್ರವಾಗಲಿ ಕಾರ್ಡೇ ಆಗಲಿ, ನಿಮ್ಮ ಹೆಸರಿಗೆ ಬರುವ ಅಂಚೆ ಆಮೇಲೆ ಆ ಮನೆಯ ಬಾಗಿಲಿಗೆ ಹೋಗಬಾರದು.