ಸಮುದ್ರದ ಕೆಲಸ ಮಾಡುವ ಆಫ್‌ಕಾನ್ಸ್‌ಗೆ ಬೆಟ್ಟದ ರಸ್ತೆ ಗೊತ್ತಾ?

ನಿಮ್ಮ ತಮ್ಮ ಸಿವಿಲ್ ಮುಗಿಸಿ ಆಫ್‌ಕಾನ್ಸ್ ಸೇರಬೇಕು ಅಂತಿದ್ದಾನೆ, ಜೆಟ್ಟಿ ಕಟ್ಟುವವರಿಗೆ ಘಟ್ಟದ ರಸ್ತೆ ಏನು ಗೊತ್ತು ಅಂತ ಕೇಳಿದ್ದೀರಿ. ನಾನು ಆ ಕಂಪನಿಯವನಲ್ಲ. ವಿಜಯಪುರದ ಕಡೆಯವನು, ಪುಣೆಯ ನಿಗಡಿಯಲ್ಲಿದ್ದೇನೆ. ಒಬ್ಬ ಸಣ್ಣ ಕಂಟ್ರಾಕ್ಟರ್ ಹತ್ತಿರ ಸರ್ವೇ ಕೆಲಸ ಮಾಡಿದವನು.

ಕಂಪನಿ ಶುರುವಾಗಿದ್ದು 1959ರಲ್ಲಿ. ‘ಏಷ್ಯಾ ಫೌಂಡೇಶನ್ಸ್ ಅಂಡ್ ಕನ್‌ಸ್ಟ್ರಕ್ಷನ್ಸ್’ ಅನ್ನುವುದೇ ಚಿಕ್ಕದಾಗಿ ಆಫ್‌ಕಾನ್ಸ್ ಆಗಿದ್ದು. ಹೆಸರಲ್ಲೇ ಇದೆ ನೋಡಿ, ಮೂಲ ಕಸುಬು ಪಾಯ ಹಾಕುವುದು.

ಬೆಟ್ಟದಲ್ಲಿ ಅವರ ದೊಡ್ಡ ಪರೀಕ್ಷೆ ಅಟಲ್ ಸುರಂಗ. ಹಿಮಾಚಲದ ಮನಾಲಿಯಿಂದ ಲಾಹೌಲ್‌ಗೆ, ರೋಹ್ತಾಂಗ್ ಕಣಿವೆದಾರಿಯ ಕೆಳಗೆ 9.02 ಕಿಲೋಮೀಟರ್. ಗಡಿಯ ರಸ್ತೆಗಳನ್ನು ಕಟ್ಟುವ ಬಾರ್ಡರ್ ರೋಡ್ಸ್ ಆರ್ಗನೈಸೇಶನ್‌ಗಾಗಿ, ಆಸ್ಟ್ರಿಯಾದ ಸ್ಟ್ರಾಬಾಗ್ ಕಂಪನಿ ಜೊತೆ ಸೇರಿ ಕೊರೆದರು. 2010ರಲ್ಲಿ ಶುರು, ಸಂಚಾರಕ್ಕೆ ಬಿಟ್ಟಿದ್ದು 2020ರ ಅಕ್ಟೋಬರ್ 3ಕ್ಕೆ. ಯಾಕೆ ಇಷ್ಟು ತಡ? ಚಳಿಗಾಲದಲ್ಲಿ ರೋಹ್ತಾಂಗ್ ಮುಚ್ಚಿದರೆ ಉತ್ತರದ ಬಾಯಿಗೆ ಹೋಗುವ ದಾರಿಯೇ ಇರುತ್ತಿರಲಿಲ್ಲ. ಅದಕ್ಕಿಂತ ಜಾಸ್ತಿ ಕಾಡಿದ್ದು ಸೇರಿ ನಾಲಾ. ಮೇಲೆ ಹರಿಯುವ ಹಳ್ಳ, ಕೆಳಗೆ ಪುಡಿಪುಡಿ ಬಂಡೆ. ಬ್ಲಾಸ್ಟ್ ಮಾಡಿದರೆ ಕಲ್ಲಿನ ಜೊತೆ ನೀರೂ ಕೆಸರೂ ನುಗ್ಗುತ್ತಿತ್ತು. ಆರುನೂರು ಮೀಟರ್ ಕೂಡ ಇಲ್ಲದ ಆ ತುಂಡು ವರ್ಷಗಟ್ಟಲೆ ತಿಂದಿತು.

ನಮ್ಮ ಪುಣೆ ಹತ್ತಿರದ ಲೋಣಾವಳಾ ಘಟ್ಟದ ಕಲ್ಲು ಬೇರೆ. ಗಟ್ಟಿ ಕರಿಕಲ್ಲು, ಹಿಮಾಲಯದಷ್ಟು ಸತಾಯಿಸುವುದಿಲ್ಲ. ಆದರೆ ಮಳೆ! ಒಂದು ಜೂನ್‌ನಲ್ಲಿ ಕಡಿದ ಗುಡ್ಡದ ತಲೆಯ ಮೇಲೆ ಬೆಂಚ್‌ಮಾರ್ಕ್, ಅಂದರೆ ಎತ್ತರ ಅಳೆಯುವ ಗುರುತು, ಹಾಕಿದ್ದೆ. ಮೇಲಿಂದ ಬರುವ ಮಳೆನೀರನ್ನು ಪಕ್ಕಕ್ಕೆ ತಿರುಗಿಸುವ ಚರಂಡಿ (ಕ್ಯಾಚ್‌ವಾಟರ್ ಡ್ರೇನ್) ತೆಗೆಯೋಣ ಅಂದರೆ ನಮ್ಮ ಸಾಹೇಬರು ‘ದೀಪಾವಳಿ ಆದ್ಮೇಲೆ ನೋಡೋಣ’ ಅಂದರು. ಎರಡು ವಾರದಲ್ಲಿ ರೀಡಿಂಗ್ ತಾಳೆ ಆಗಲಿಲ್ಲ. ನನ್ನದೇ ತಪ್ಪು ಅಂತ ಬೈಸಿಕೊಂಡೆ. ಮರುದಿನ ಗುಡ್ಡವೇ ಇಳಿದು ರಸ್ತೆಗೆ ಬಂತು. ರಾತ್ರಿಯಾಗಿತ್ತು, ಯಾರೂ ಇರಲಿಲ್ಲ, ಪುಣ್ಯ.

ಬೆಟ್ಟದಲ್ಲೂ ಕಾಡುವುದು ನೀರೇ. ಅದಕ್ಕೇ ನನಗೆ ಪಾಯದ ಕಂಪನಿ ಬೆಟ್ಟ ಹತ್ತಿದ್ದು ವಿಚಿತ್ರ ಅನಿಸುವುದಿಲ್ಲ. ಒದ್ದೆ ನೆಲದಲ್ಲಿ ಕೆಲಸ ಮಾಡುವುದು ಅವರಿಗೆ ಮೊದಲಿನಿಂದ ರೂಢಿ, ಅಲ್ವಾ? ಚೆನಾಬ್ ಸೇತುವೆಯೂ ಅವರದೇ, ನದಿಯಿಂದ 359 ಮೀಟರ್ ಎತ್ತರ. ಅದು ರೈಲಿನದ್ದು, ಇರಲಿ. ಇಲ್ಲೇ ಹತ್ತಿರ, ಮುಂಬೈ-ಪುಣೆ ಎಕ್ಸ್‌ಪ್ರೆಸ್‌ವೇಯ ‘ಮಿಸ್ಸಿಂಗ್ ಲಿಂಕ್’ ಅನ್ನುವ ಹೊಸ ದಾರಿಯಲ್ಲಿ ಕೇಬಲ್ ಸೇತುವೆ ಅವರ ಪಾಲಿಗೆ ಬಂತು. ಸುರಂಗಗಳು ಬೇರೆ ಕಂಪನಿಗೆ. ಖೋಪೋಲಿಯಿಂದ ಕುಸ್‌ಗಾಂವ್‌ಗೆ 13.3 ಕಿಲೋಮೀಟರ್, ದಾರಿ ಸುಮಾರು 6 ಕಿಲೋಮೀಟರ್ ಕಡಿಮೆ. ಆ ಕಣಿವೆಯ ಗಾಳಿಗೆ ಟ್ರೈಪಾಡ್ ನಿಲ್ಲಿಸುವುದೇ ಕಷ್ಟ, ಅಲ್ಲಿ 180 ಮೀಟರ್ ದಾಟಿದ ಕಂಬ ಎಬ್ಬಿಸಿದ್ದಾರೆ.

ತಮ್ಮನಿಗೆ ಹೇಳಿ, ಸಂಬಳಕ್ಕಿಂತ ಮೊದಲು ಯಾವ ಸೈಟ್ ಅಂತ ಕೇಳಲಿ. ಹಿಮಾಲಯ ಅಂದರೆ ರಜೆ ಎಷ್ಟು ದಿನಕ್ಕೊಮ್ಮೆ ಅಂತಲೂ ಕೇಳಲಿ. ಅಮ್ಮನಿಗೆ ಆಮೇಲೆ ಹೇಳಬಹುದು.