ಮೊಸಳೆ ಕೊಂಡ ಮೇಷ್ಟ್ರು

ಪ್ರಶ್ನೆ: ಅಮೆರಿಕದಲ್ಲಿ ಕಾಲೇಜಿನ ಅಧ್ಯಕ್ಷರಾದ ಮೊದಲ ಕಪ್ಪು ವ್ಯಕ್ತಿ ಒಬ್ಬ ಬಿಷಪ್ ಅಂತೆ, ಯಾರವರು?

ಉತ್ತರ: ಡೇನಿಯಲ್ ಪೇನ್. ಕಪ್ಪು ಜನರೇ ಕಟ್ಟಿಕೊಂಡ ಆಫ್ರಿಕನ್ ಮೆಥಡಿಸ್ಟ್ ಎಪಿಸ್ಕೋಪಲ್ ಚರ್ಚಿನವರು. ಹುಟ್ಟಿದ್ದು 1811ರಲ್ಲಿ, ದಕ್ಷಿಣ ಕೆರೊಲಿನಾ ರಾಜ್ಯದ ಚಾರ್ಲ್‌ಸ್ಟನ್‌ನಲ್ಲಿ. ನನಗಂತೂ ಬಿಷಪ್‌ಗಿಂತ ಅವರೊಳಗಿನ ಮೇಷ್ಟ್ರೇ ಜಾಸ್ತಿ ಇಷ್ಟ. ಇನ್ನೂ ಮೀಸೆ ಚಿಗುರುವ ವಯಸ್ಸು, 1829ರಲ್ಲೇ ಶಾಲೆ ತೆರೆದರು. ಹಗಲು ಮೂವರು ಮಕ್ಕಳು, ರಾತ್ರಿ ಮೂವರು ವಯಸ್ಕ ಗುಲಾಮರು. ತಲೆಗೆ ತಿಂಗಳಿಗೆ 50 ಸೆಂಟ್. ಪ್ರಾಣಿಶಾಸ್ತ್ರ ಕಲಿಯಲು ಜೀವಂತ ಅಲಿಗೇಟರ್ ಮೊಸಳೆಯನ್ನೇ ಕೊಂಡು ತಂದು, ಕೊಯ್ದು, ಕರುಳು ನೋಡಿದ ಆಸಾಮಿ! ಗುಲಾಮರಿಗೆ ಓದು ಕಲಿಸಬಾರದೆಂದು 1834ರಲ್ಲಿ ದಕ್ಷಿಣ ಕೆರೊಲಿನಾ ಕಾನೂನು ತಂದಿತು. ಮರುವರ್ಷ ಶಾಲೆಗೆ ಬೀಗ ಬಿತ್ತು, ಪೇನ್ ಉತ್ತರಕ್ಕೆ ಹೊರಟರು.

1852ರಲ್ಲಿ ಬಿಷಪ್ ಆದರು. 1863ರಲ್ಲಿ ಒಹಾಯೊದ ವಿಲ್ಬರ್‌ಫೋರ್ಸ್ ಕಾಲೇಜು ಮಾರಾಟಕ್ಕೆ ಬಂತು, ಬೆಲೆ 10,000 ಡಾಲರ್. ಕೈಯಲ್ಲಿ ಹತ್ತು ಡಾಲರ್ ಇರಲಿಲ್ಲ, ಆದರೂ ಚರ್ಚಿನ ಪರವಾಗಿ ಒಪ್ಪಿಕೊಂಡೇಬಿಟ್ಟರು. ಎಂಥ ಧೈರ್ಯ ಅಲ್ವಾ? 1865ರ ಏಪ್ರಿಲ್ 14ರಂದು, ಲಿಂಕನ್‌ಗೆ ಗುಂಡು ಬಿದ್ದ ದಿನವೇ, ಮುಖ್ಯ ಕಟ್ಟಡ ಸುಟ್ಟುಹೋಯಿತು. ಮತ್ತೆ ಹಣ ಎತ್ತಿ ಕಟ್ಟಿಸಿದರು. 1876ರವರೆಗೂ ಆ ಕಾಲೇಜಿಗೆ ಅವರೇ ಅಧ್ಯಕ್ಷರಾಗಿದ್ದರು, 1893ರಲ್ಲಿ ತೀರಿಕೊಂಡರು.

ಒಂದು ತಕರಾರು ಮಾತ್ರ ಇದೆ. ಪ್ರಾರ್ಥನೆಯಲ್ಲಿ ಜನ ಚಪ್ಪಾಳೆ ತಟ್ಟಿ, ಸುತ್ತು ಹಾಕಿ ಕುಣಿದು ಹಾಡುವುದು ಅವರಿಗೆ ಸುತರಾಂ ಆಗುತ್ತಿರಲಿಲ್ಲ. ಅಲ್ಲಿ ಮೇಷ್ಟ್ರು ಸ್ವಲ್ಪ ಅತಿಯಾದರು ಅನ್ನಿಸುತ್ತದೆ.