ಫ್ರೆಡ್ಡಿಯ ಗಾಯನ: ನನ್ನ ಮತ ಬೇರೆ ಹಾಡಿಗೆ

ನೀವು ರಾಯಚೂರಿನವರು, ನಾನು ಪಕ್ಕದ ಬಳ್ಳಾರಿಯವನು. ಬ್ರಿಟನ್ನಿನ ‘ಕ್ವೀನ್’ ರಾಕ್ ಬ್ಯಾಂಡಿನ ಗಾಯಕ ಫ್ರೆಡ್ಡಿ ಮರ್ಕ್ಯುರಿ ಸ್ಟುಡಿಯೋದಲ್ಲಿ ಹಾಡಿದ್ದರಲ್ಲಿ ಎಲ್ಲಕ್ಕಿಂತ ಮೇಲಿನದು ‘ಬೊಹೀಮಿಯನ್ ರಾಪ್ಸಡಿ’ ತಾನೇ ಎಂದು ಕೇಳಿದ್ದೀರಿ. 1975ರ ಆ ಹಾಡು ದೊಡ್ಡದೇ. ಆದರೆ ಬರೀ ಗಾಯನ ನೋಡಿದರೆ ನನ್ನ ಮತ 1976ರ ‘ಸಮ್‌ಬಡಿ ಟು ಲವ್’ಗೆ.

ಅದರಲ್ಲಿ ಚರ್ಚಿನ ದೊಡ್ಡ ಮೇಳವೇ ಹಾಡುತ್ತಿದೆ ಅನ್ನಿಸುತ್ತದೆ, ಅಲ್ವಾ? ಇರುವುದು ಮೂರೇ ಜನ: ಫ್ರೆಡ್ಡಿ, ಅದೇ ಬ್ಯಾಂಡಿನ ಬ್ರಯಾನ್ ಮೇ, ರೋಜರ್ ಟೇಲರ್. ತಮ್ಮದೇ ದನಿಗಳನ್ನು ಮತ್ತೆ ಮತ್ತೆ ರೆಕಾರ್ಡ್ ಮಾಡಿ ಒಂದರ ಮೇಲೊಂದು ಕೂಡಿಸಿದ್ದಾರೆ. ಗಿಟಾರ್ ಮುಗಿದ ಮೇಲಿನ ಭಾಗ ಗಮನವಿಟ್ಟು ಕೇಳಿ. ಒಂದೇ ಸಾಲು ತಗ್ಗಿದ ದನಿಯಲ್ಲಿ ಶುರುವಾಗಿ, ಸುತ್ತು ಸುತ್ತಿಗೂ ತುಂಬಿಕೊಳ್ಳುತ್ತಾ ಏರುತ್ತದೆ. ನಾನು ಜೀನ್ಸ್ ಹೊಲಿಯುವ ಯೂನಿಟ್‌ನಲ್ಲಿ ಕೆಲಸ ಮಾಡುವವನು. ರಾತ್ರಿ ಮಷೀನುಗಳೆಲ್ಲ ನಿಂತ ಮೇಲೆ, ಬಟ್ಟೆಯ ಧೂಳು ಕೂತ ಕೈಯಲ್ಲೇ ಇಯರ್‌ಫೋನ್ ಹಾಕಿ ಆ ಭಾಗ ಕೇಳುತ್ತೇನೆ. ಪ್ರತಿ ಸಲವೂ ಮೈ ಜುಮ್ ಅನ್ನುತ್ತದೆ.

‘ದಿ ಶೋ ಮಸ್ಟ್ ಗೋ ಆನ್’ ಹಾಡೇ ಎಲ್ಲಕ್ಕಿಂತ ಮೇಲು ಎನ್ನುವವರ ಜೊತೆ ನಾನು ಜಗಳ ಆಡುವುದಿಲ್ಲ. ಫ್ರೆಡ್ಡಿಗೆ ಏಡ್ಸ್‌ನಿಂದ ಅಷ್ಟು ಕಾಯಿಲೆ ಇದ್ದಾಗಲೂ ಆ ಎತ್ತರದಲ್ಲಿ ದನಿ ಒಡೆಯಲಿಲ್ಲ.

‘ಮದರ್ ಲವ್’ ಕೇಳಿದ್ದೀರಾ? 1991ರ ಮೇ ತಿಂಗಳಲ್ಲಿ ಹಾಡಿದ್ದು. ಕಾಯಿಲೆ ಹೆಚ್ಚಾಗಿ ಕೊನೆಯ ಚರಣಕ್ಕೆ ಫ್ರೆಡ್ಡಿ ಮರಳಿ ಬರಲಾಗಲಿಲ್ಲ, ಅದನ್ನು ಬ್ರಯಾನ್ ಮೇ ಹಾಡಿದ್ದಾರೆ. ದನಿ ಬದಲಾಗುವ ಆ ಜಾಗ ಬಂದಾಗ ನನಗೆ ಇವತ್ತಿಗೂ ಗಂಟಲು ಕಟ್ಟುತ್ತದೆ. ಸುಮ್ನೆ ಒಂದು ಸಲ ಒಬ್ಬರೇ ಕೂತು ಕೇಳಿ, ಆಮೇಲೆ ಬರೆಯಿರಿ.